ಹಡಗು ತಪ್ಪಿಸಿಕೊಂಡ ಅಧ್ಯಕ್ಷರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಪುಣ್ಯಕ್ಕೆ ನಮ್ಮ ಅಧ್ಯಕ್ಷರು ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಕ್ರೈಸ್ಟ್‌ಚರ್ಚ್‌ನ ನಮ್ಮ ಪುಟ್ಟ ಕನ್ನಡ ಬಳಗವನ್ನು ಇಷ್ಟು ವರ್ಷ ಆಳಿ, ಈಗ ಮಗಳ ಮನೆಗೆಂದು ಆಕ್ಲೆಂಡಿಗೆ ಹೊರಟಿದ್ದಾರೆ. ಬೀಳ್ಕೊಡುಗೆಯ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಪಾದಕಿ ಕೇಳಿದಾಗ ಒಂದೇ ಉಸಿರಿಗೆ ಒಪ್ಪಿಕೊಂಡೆ. "ನೀವು ಅವರ ಜೊತೆ ಕ್ರೂಸಿಗೂ ಹೋಗಿದ್ರಲ್ಲ, ಅದನ್ನೇ ಬರೀರಿ" ಅಂದಳು. ಪಾಪ, ಅವಳಿಗೆ ಗೊತ್ತಿಲ್ಲ. ಅದನ್ನೇ ಬರೆಯುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಇದಕ್ಕೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವ ಮನುಷ್ಯ ಅವರು.

ಮೈಸೂರಿನ ಕಡೆಯವರು. ಹಾರ್ನ್‌ಬಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಮೈತುಂಬ ಜೇಬುಗಳಿರುವ ತೋಳಿಲ್ಲದ ಜಾಕೆಟ್ಟು, ಕೊರಳಲ್ಲಿ ಫುಟ್‌ಬಾಲ್ ರೆಫರಿಗಳ ಹಾಗೆ ಒಂದು ವಿಷಲ್. ಗಣೇಶನ ಹಬ್ಬವಿರಲಿ, ಪಾರ್ಕಿನಲ್ಲಿ ಬಾರ್ಬೆಕ್ಯೂ ಇರಲಿ, ಆ ವಿಷಲ್ ಊದಿದ ಮೇಲೆಯೇ ನಾವು ತಟ್ಟೆ ಹಿಡಿಯಬೇಕು. ಯಾರದೇ ಮನೆಗೆ ಊಟಕ್ಕೆ ಬಂದರೂ ಡಿಶ್‌ವಾಷರ್ ಬಾಗಿಲು ತೆಗೆದು, ನಾವು ಜೋಡಿಸಿಟ್ಟ ತಟ್ಟೆಗಳನ್ನೆಲ್ಲ ಹೊರಗೆ ತೆಗೆದು ತಮಗೆ ಸರಿ ಕಂಡ ಹಾಗೆ ಜೋಡಿಸುತ್ತಿದ್ದರು. ನಾವು ಕಾರು ಹಿಂದಕ್ಕೆ ತೆಗೆಯುವಾಗ ಯಾರೂ ಕರೆಯದೆ ಹಿಂದೆ ಬಂದು ನಿಂತು ಕೈ ಬೀಸುತ್ತಿದ್ದರು. ಏನಾದರೂ ಅಂದರೆ ಒಂದೇ ಉತ್ತರ, "ನಿಮ್ಮ ಒಳ್ಳೇದಕ್ಕೇ ಕಣಮ್ಮ ಹೇಳ್ತಿರೋದು." ಈ ಮಾತು ಕೇಳಿದರೆ ನನಗೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ.

ನಾನು ಗದಗಿನವಳು. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಬಳಗದ ಪಾಟ್‌ಲಕ್ಕಿಗೆ ಮೊದಲ ಸಲ ಬೆಳಿಗ್ಗೆಯಿಂದ ಕೂತು ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ ಮಾಡಿಕೊಂಡು ಹೋಗಿದ್ದೆ. ಅಧ್ಯಕ್ಷರು ರೊಟ್ಟಿಯ ಚೂರೊಂದನ್ನು ಮುರಿದು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿಸಿಕೊಂಡರು. ಎಲ್ಲರೂ ನಕ್ಕರು. "ಉತ್ತರದವರು ಮುಂದಿನ ಸಲದಿಂದ ಚಪಾತಿ ತನ್ನಿ" ಎಂದು ಅಪ್ಪಣೆಯಾಯಿತು. ಅಂದಿನಿಂದ ನಾನು ಬಳಗಕ್ಕೆ ಚಪಾತಿಯವಳು. ನಾವು ಈ ಊರಿಗೆ ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ದು ಬಿಸಿ ಅನ್ನ, ಸಾರು ಹಾಕಿದವರೂ ಇವರೇ, ಸುಳ್ಳು ಹೇಳಬಾರದು. ಆದರೆ ಆ ಸಾರಿನ ಋಣವನ್ನು ಚಪಾತಿ ಲಟ್ಟಿಸಿ ಲಟ್ಟಿಸಿ ಎಂದೋ ತೀರಿಸಿದ್ದೇನೆ.

ಅವರ ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾರ್ಯಕ್ರಮ ಆರಕ್ಕೆ ಇದ್ದರೆ ಐದಕ್ಕೆ ಎಂದು ಹೇಳುವುದು. "ನಮ್ಮವರು ಗೊತ್ತಲ್ಲ, ಒಂದು ಗಂಟೆ ಮುಂಚೆ ಹೇಳಿದ್ರೇನೇ ಸರಿಹೋಗೋದು." ಇದು ಬಳಗದ ಎಲ್ಲರಿಗೂ ಗೊತ್ತು. ಹಾಗಾಗಿ ಐದಕ್ಕೆ ಅಂದರೆ ನಾವೆಲ್ಲ ಆರೂವರೆಗೆ ಹೋಗುತ್ತಿದ್ದೆವು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಪ್ರಪಂಚವೇ ತಮ್ಮ ಹಾಗೆ ನಡೆಯುತ್ತದೆ ಎಂದು ಅವರು ಗಾಢವಾಗಿ ನಂಬಿದ್ದರು. "ಯಾರೂ ನಿಜವಾದ ಟೈಮ್ ಹೇಳಲ್ಲ ಕಣ್ರೀ. ರೈಲಿನವರಾಗಲಿ, ವಿಮಾನದವರಾಗಲಿ, ಒಳಗೊಂದು ಟೈಮ್ ಇಟ್ಕೊಂಡು ಹೊರಗೊಂದು ಹೇಳ್ತಾರೆ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈಗ ಅವ್ವನ ವಿಷಯ. ನನ್ನ ಮಗಳು ಹುಟ್ಟುವಾಗ ಅವ್ವ ಬಾಣಂತನಕ್ಕೆಂದು ಬಂದಿದ್ದಳು. ಹೆರಿಗೆ ಕಷ್ಟವಾಯಿತು. ನನ್ನನ್ನು ಒಳಗೆ ಕರೆದೊಯ್ದಾಗ ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬಳೇ ಕೂತಿದ್ದಳು. ಭಾಷೆ ಬಾರದು, ದೇವರ ಪಟವೂ ಇಲ್ಲ. ಎದುರಿನ ಗೋಡೆಯ ಮೇಲೊಂದು ಚಿತ್ರವಿತ್ತು, ಕಡಿದಾದ ಬೆಟ್ಟದ ತುದಿಯಿಂದ ಜಲಪಾತವೊಂದು ನೇರ ಸಮುದ್ರಕ್ಕೇ ಬೀಳುವ ಚಿತ್ರ. ಅವ್ವ ಅದಕ್ಕೇ ಕೈ ಮುಗಿದಳು. "ಗಂಗವ್ವ, ನನ್ನ ಮಗಳನ್ನೂ ಕೂಸನ್ನೂ ಉಳಿಸಿಕೊಡು, ನೀ ಎಲ್ಲಿದ್ದರೂ ಬಂದು ನಿನ್ನ ನೀರು ಮುಟ್ಟಿ, ತಂದು ಕೂಸಿನ ನೆತ್ತಿಗೆ ಹಚ್ಚತೀನಿ" ಎಂದು ಹರಕೆ ಹೊತ್ತಳು. ನಾವಿಬ್ಬರೂ ಉಳಿದೆವು. ಆ ಜಾಗ ಮಿಲ್ಫರ್ಡ್ ಸೌಂಡ್ ಎಂದು ಆಮೇಲೆ ನರ್ಸಮ್ಮ ಹೇಳಿದಳು. ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿ ಬಂದ ಫ್ಯೋರ್ಡ್, ದೇಶದ ದಕ್ಷಿಣ ಮೂಲೆಯಲ್ಲಿದೆ. ಆಗ ಚಳಿಗಾಲ, ಹಸಿ ಬಾಣಂತಿ ನಾನು. ಹರಕೆ ಬಾಕಿ ಇಟ್ಟುಕೊಂಡೇ ಅವ್ವ ಊರಿಗೆ ಹೋದಳು.

ನಾಲ್ಕು ವರ್ಷದ ಮೇಲೆ ಅವ್ವ ಮತ್ತೆ ಬಂದದ್ದು ಈ ಹರಕೆಗಾಗಿಯೇ. ಆಕೆಗೆ ಕಾರಿನಲ್ಲಿ ಕೂತರೆ ವಾಂತಿ, ಬೆಟ್ಟದ ದಾರಿಯಂತೂ ಆಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಅಧ್ಯಕ್ಷರು ಬಳಗದ ಕೆಲವು ಕುಟುಂಬಗಳನ್ನು ಸೇರಿಸಿ ಹಡಗಿನ ಪ್ರವಾಸ ಹೊರಡಿಸಿದ್ದರು. ಆಕ್ಲೆಂಡಿನಿಂದ ಹೊರಟು, ದಕ್ಷಿಣದ ಫ್ಯೋರ್ಡ್‌ಗಳನ್ನು ನೋಡಿಕೊಂಡು, ದಾರಿಯ ಬಂದರುಗಳಲ್ಲಿ ಇಳಿಯುತ್ತ ಮತ್ತೆ ಆಕ್ಲೆಂಡಿಗೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ನಾನು, ಅವ್ವ, ಮಗಳು ಹೊರಟೆವು. ಬುಕಿಂಗ್ ಎಲ್ಲವೂ ಅಧ್ಯಕ್ಷರ ಹೆಸರಿನಲ್ಲೇ, ಗುಂಪಿನ ಹೆಸರಿನಲ್ಲೇ.

ಹೊರಡುವ ಮೊದಲು ಅವರ ಮನೆಯಲ್ಲಿ ಸಭೆ ಸೇರಿದೆವು. ಬಂದರಿನಲ್ಲಿ ಇಳಿದ ಮೇಲೆ ಹಡಗಿನವರು ಏರ್ಪಡಿಸಿದ ಟೂರ್‌ಗಳಿಗೆ ಹೋಗುವುದೋ, ನಮ್ಮಷ್ಟಕ್ಕೆ ನಾವೇ ಸುತ್ತುವುದೋ ಎಂಬ ಪ್ರಶ್ನೆ. ಅಧ್ಯಕ್ಷರ ನಿಲುವು ಖಚಿತ. "ಟೂರ್ ಅಂದ್ರೆ ಏನು? ಎದೆಗೊಂದು ಸ್ಟಿಕರ್ ಅಂಟಿಸ್ಕೊಂಡು, ಯಾವಳೋ ಒಬ್ಬಳು ಬಾವುಟ ಹಿಡ್ಕೊಂಡು ಹೋದ್ರೆ ಹಿಂದೆ ಕುರಿಗಳ ಥರ ಹೋಗೋದು. ಅವರು ತೋರ್ಸಿದ್ದನ್ನ ನೋಡು, ಅವರು ನಿಲ್ಸಿದ ಕಡೆ ಉಚ್ಚೆ ಹುಯ್ಯಿ. ನಾವು ಸ್ವತಂತ್ರವಾಗಿ ನೋಡೋಣ."

ಮಾತಿನಲ್ಲಿ ತಪ್ಪೇನಿರಲಿಲ್ಲ. ಗಟ್ಟಿ ಕಾಲುಳ್ಳವರಿಗೆ ತಮ್ಮ ದಾರಿ ತಾವೇ ಹುಡುಕಿಕೊಳ್ಳುವ ಸುಖವೇ ಬೇರೆ. ಆದರೆ ಇವರ ಸ್ವಾತಂತ್ರ್ಯವೆಂದರೆ ಇವರ ವಿಷಲಿಗೆ ನಾವೆಲ್ಲ ಸಾಲಾಗಿ ನಡೆಯುವುದು. ನಾನು ಹೇಳಿದೆ, "ಅಂಕಲ್, ಮಿಲ್ಫರ್ಡ್‌ನಾಗ ಹಡಗು ದಡಕ್ಕ ನಿಲ್ಲೂದೇ ಇಲ್ಲ. ಸ್ವಂತ ಇಳದು ಹೋಗೂ ಹಂಗಿಲ್ಲ. ಹಡಗಿನವರ ಟೂರಿನಾಗ ಸಣ್ಣ ಬೋಟಿಗೆ ಇಳಿಸಿ ಫಾಲ್ಸಿನ ಬುಡಕ್ಕ ಒಯ್ತಾರ. ನಮ್ಮ ಅವ್ವಗ ಅದೊಂದು ಬೇಕ್ರಿ." ಹರಕೆಯ ಕಥೆಯನ್ನೂ ಎಲ್ಲರೆದುರು ಹೇಳಿದೆ. ಆಂಟಿ, ಅಂದರೆ ಅವರ ಹೆಂಡತಿ, ಕಣ್ಣು ಒರೆಸಿಕೊಂಡರು. ಅಧ್ಯಕ್ಷರು ನನ್ನೆದುರಿಗೇ ಫೋನು ತೆಗೆದು ನಮ್ಮ ಮೂವರಿಗೆ ಬೋಟು ಬುಕ್ ಮಾಡಿದರು. ಅವ್ವ ಅವರಿಗೆ ಕೈ ಮುಗಿದಳು. ಆ ಕೈ ಮುಗಿದದ್ದನ್ನು ನಾನು ಮರೆಯಲಾರೆ.

ಫ್ಯೋರ್ಡಿನ ದಿನ ಬೆಳಕು ಹರಿಯುವ ಮೊದಲೇ ಅವ್ವ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಪಫರ್ ಜಾಕೆಟ್ ತೊಟ್ಟು ಕೂತಿದ್ದಳು. ಕೈಯಲ್ಲಿ ಊರಿನಿಂದ ತಂದ ಸಣ್ಣ ತಾಮ್ರದ ತಂಬಿಗೆ. ಹೊರಗೆ ಮಂಜು, ಎರಡೂ ಕಡೆ ಕಪ್ಪು ಬೆಟ್ಟ, ರಾತ್ರಿಯ ಮಳೆಗೆ ಎಲ್ಲೆಲ್ಲೂ ಬಿಳಿ ನೀರಿನ ಎಳೆಗಳು. ಟೂರಿನವರು ಸೇರುವ ಕೋಣೆಗೆ ಹೋದರೆ ಅಲ್ಲಿದ್ದ ಹುಡುಗಿ ನಮ್ಮ ಹೆಸರು ಹುಡುಕಿ ಹುಡುಕಿ ಸಾಕಾಗಿ, ನಿಮ್ಮ ಗುಂಪಿನ ಮುಖಂಡರು ಕ್ಯಾನ್ಸಲ್ ಮಾಡಿಸಿದ್ದಾರೆ, ಈಗ ಜಾಗ ಇಲ್ಲ, ಕ್ಷಮಿಸಿ ಅಂದಳು.

ಅಧ್ಯಕ್ಷರು ತಿಂಡಿಯ ಕೋಣೆಯಲ್ಲಿದ್ದರು. "ಹೌದಮ್ಮ, ನಾನೇ ತೆಗೆಸಿದೆ" ಅಂದರು, ಟೋಸ್ಟಿಗೆ ಬೆಣ್ಣೆ ಸವರುತ್ತ. "ಗುಂಪು ಅಂದ್ಮೇಲೆ ಗುಂಪು. ನೀವೊಬ್ಬರು ಬೋಟಿಗೆ ಹೋದ್ರೆ ನಾಳೆ ಇನ್ನೊಬ್ಬರು ಇನ್ನೊಂದು ಕೇಳ್ತಾರೆ. ಅಲ್ದೆ ಎಲ್ಲರೂ ಡೆಕ್ ಮೇಲೆ ಫೋಟೋ ತೆಗೀಬೇಕು, ಮಕ್ಕಳನ್ನ ಯಾರು ನೋಡ್ಕೋತಾರೆ? ಅಮ್ಮನವರು ಹೇಗೂ ಇದಾರಲ್ಲ ಅಂದ್ಕೊಂಡೆ."

"ಅಂಕಲ್, ಹರಕಿ ಅದು. ನಿಮಗ ಹೇಳಿದ್ದೆ."

"ದೇವರು ಎಲ್ಲಾ ಕಡೆ ಇದಾನಮ್ಮ. ಡೆಕ್ ಮೇಲಿಂದಾನೇ ಕೈ ಮುಗೀಲಿ. ಫಾಲ್ಸ್ ಇನ್ನೂ ಚೆನ್ನಾಗ್ ಕಾಣುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ನನ್ನ ತೋಳು ಹಿಡಿದಳು. "ಇರ್ಲಿ ಬಿಡವಾ. ಹಿರೇ ಮನಶ್ಯಾ. ಮಂದಿಯೊಳಗ ಜಗಳ ಬ್ಯಾಡ." ಎಲ್ಲರ ಮಕ್ಕಳನ್ನೂ ಸುತ್ತ ಕೂರಿಸಿಕೊಂಡು, ತನ್ನ ಮಾತು ಅರ್ಥವಾಗದ ಆ ಮಕ್ಕಳಿಗೆ ಕಾಗೆ ಗುಬ್ಬಿಯ ಕಥೆ ಹೇಳಿದಳು. ಮಕ್ಕಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದವು, ಅವ್ವ ಹೂಂ ಅನ್ನುತ್ತಿದ್ದಳು. ಜಲಪಾತ ಬಂದಾಗ ನಾನು ಬಲವಂತದಿಂದ ಅವಳನ್ನು ಡೆಕ್ಕಿಗೆ ಎಳೆದುಕೊಂಡು ಹೋದೆ. ಚಿತ್ರದಲ್ಲಿ ಕಂಡದ್ದೇ ನೀರು. ಕೆಳಗೆ, ಬಹಳ ಕೆಳಗೆ, ಟೂರಿನ ಸಣ್ಣ ಬೋಟು ಅದರ ಬುಡದಲ್ಲಿ ಹೋಗುತ್ತಿತ್ತು. ಅದರಲ್ಲಿದ್ದವರು ಮೈಮೇಲೆ ನೀರು ಬೀಳಿಸಿಕೊಂಡು ಕೂಗುತ್ತಿದ್ದರು. ಅವ್ವ ಕಂಬಿಯ ಸಂದಿಯಿಂದ ತಂಬಿಗೆ ಹಿಡಿದ ಕೈಯನ್ನು ಹೊರಗೆ ಚಾಚಿದಳು. ಹತ್ತು ಮಹಡಿಯ ಎತ್ತರದಲ್ಲಿ ನಿಂತು ಚಾಚಿದ ಕೈಗೆ ಏನು ಸಿಗುತ್ತದೆ? ಕೈ ಒಳಗೆ ತೆಗೆದುಕೊಂಡು, "ಅಲ್ಲೇ ಐತಿ, ಕೈಗೆ ಹತ್ತವಲ್ದು" ಅಂದಳು. ಅಷ್ಟೇ. ಆಚೆ ಕಡೆ ಅಧ್ಯಕ್ಷರು ವಿಷಲ್ ಊದಿ ಗ್ರೂಪ್ ಫೋಟೋಗೆ ಕರೆಯುತ್ತಿದ್ದರು. ಅವರನ್ನು ಕಂಬಿಯಾಚೆ ನೂಕಿಬಿಡಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು.

ಆ ಸಂಜೆಯೇ ನಾನು ಟೂರ್ ಡೆಸ್ಕಿಗೆ ಹೋಗಿ, ನನ್ನ ಹೆಸರಿನಲ್ಲಿ, ನನ್ನ ಕಾರ್ಡಿನಲ್ಲಿ, ಮರುದಿನದ ಬಂದರಿನ ಬಸ್ ಟೂರಿಗೆ ಮೂರು ಟಿಕೆಟ್ ತೆಗೆದುಕೊಂಡೆ. ಬಂದರು ಪೋರ್ಟ್ ಚಾಮರ್ಸ್, ಹತ್ತಿರದ ಊರು ಡನೀಡನ್. ಬೆಳಿಗ್ಗೆ ತಂಬಿಗೆಯನ್ನೂ ಹಿಡಿದು ಹೊರಟ ಅವ್ವನ ಸೆರಗಿಗೆ ಹಸಿರು ಸ್ಟಿಕರ್ ಅಂಟಿಸಿದ್ದನ್ನು ನೋಡಿ ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ, "ಏನಮ್ಮ, ಕುರಿಗೆ ಮುದ್ರೆ ಹೊಡೆದುಬಿಟ್ರಾ?" ಅಂದರು. ಗುಂಪು ನಕ್ಕಿತು. ಅವ್ವನಿಗೆ ಮೈಸೂರು ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಸ್ಟಿಕರನ್ನು ಇನ್ನೊಮ್ಮೆ ಒತ್ತಿ ಅಂಟಿಸಿಕೊಂಡಳು.

ನಮ್ಮ ಟೂರು ಚೆನ್ನಾಗಿತ್ತು. ಕಡಲ ಬದಿಯ ದಾರಿ ಸಮತಟ್ಟಾಗಿದ್ದು, ಮುಂದಿನ ಸೀಟು ಸಿಕ್ಕಿದ್ದರಿಂದ ಅವ್ವನಿಗೆ ವಾಂತಿಯೂ ಆಗಲಿಲ್ಲ. ಬಂಡೆಯ ಮೇಲೆ ಮಲಗಿದ ಸೀಲ್‌ಗಳನ್ನು ನೋಡಿ, "ಯವ್ವಾ, ನಮ್ಮ ಓಣ್ಯಾಗಿನ ಎಮ್ಮಿ ಹಂಗ ಬಿದ್ದಾವ ನೋಡ" ಎಂದು ನಕ್ಕಳು. ಹಿಂದಿರುಗುವಾಗ ರಸ್ತೆ ಕೆಲಸ ನಡೆದಿದ್ದು ಬಸ್ಸು ಬಹಳ ಹೊತ್ತು ನಿಂತಿತು. ನನಗೆ ಗಾಬರಿ. ಡ್ರೈವರ್ ರೇಡಿಯೋದಲ್ಲಿ ಮಾತಾಡಿ, ಚಿಂತೆ ಬೇಡ, ಇದು ಹಡಗಿನದೇ ಟೂರು, ನಾವು ಹೋಗುವವರೆಗೆ ಹಡಗು ಕಾಯುತ್ತದೆ ಅಂದ. ತಮ್ಮಷ್ಟಕ್ಕೆ ತಾವು ಹೋದವರಿಗೆ ಕಾಯುವುದಿಲ್ಲ ಎಂದೂ ಸೇರಿಸಿದ.

ಬಂದರಿನ ರಸ್ತೆಗೆ ಬಂದೆವು. ದೂರದಲ್ಲಿ ಯಾರೋ ರಸ್ತೆಗೇ ಇಳಿದು ಎರಡೂ ಕೈ ಬೀಸುತ್ತಿದ್ದರು. ಮೈತುಂಬ ಜೇಬಿನ ಜಾಕೆಟ್ಟು.

ಆಮೇಲೆ ತಿಳಿದದ್ದು ಇಷ್ಟು. ಡನೀಡನ್ನಿನಲ್ಲಿ ಬಹಳ ಕಡಿದಾದ ಒಂದು ಬೀದಿಯಿದೆ. ಅದನ್ನು ಹತ್ತಿ ಇಳಿದೇ ಬರುತ್ತೇನೆ ಎಂದು ಅಧ್ಯಕ್ಷರು ಹಟ ಹಿಡಿದರಂತೆ. ಹೊತ್ತಾಯಿತು ಎಂದು ಆಂಟಿಯೂ ಉಳಿದವರೂ ಬಂದರಿಗೆ ಮರಳುವ ಬಸ್ಸು ಹತ್ತಿದರು. "ನೀವು ಹೋಗ್ತಿರಿ. ಹಡಗಿನವರೂ ನಮ್ಮ ಹಾಗೇನೇ, ಒಂದು ಗಂಟೆ ಮುಂಚೆ ಬೋರ್ಡಿನಲ್ಲಿ ಬರೆದಿರ್ತಾರೆ" ಎಂದು ಇವರು ಹಿಂದುಳಿದರು. ಬೀದಿ ಹತ್ತಿ ಇಳಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿಯಾಗಿತ್ತು. ಸಿಕ್ಕ ಊರ ಬಸ್ಸು ನಡುದಾರಿಯಲ್ಲಿ ಇಳಿಸಿತ್ತು.

ಡ್ರೈವರ್ ಬಸ್ಸು ನಿಧಾನ ಮಾಡಿದ. ನನ್ನ ಮಗಳು ಕಿಟಕಿಗೆ ಮೂಗು ಒತ್ತಿ, "ಮಮ್ಮಿ, ಲುಕ್, ಅಂಕಲ್!" ಎಂದು ಕೂಗಿದಳು. ಡ್ರೈವರ್ ತಿರುಗಿ, ನಿಮ್ಮವರಾ, ಹತ್ತಿಸಿಕೊಳ್ಳಲಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ನನ್ನ ಬಾಯಿ ತೆರೆದಿತ್ತು. ಏನು ಹೇಳುತ್ತಿದ್ದೆನೋ ದೇವರಿಗೇ ಗೊತ್ತು. ನನಗಿಂತ ಮೊದಲು ಅವ್ವ ತಲೆಯಾಡಿಸಿದಳು. ಈ ದೇಶದಲ್ಲಿ ಅವಳು ಯಾರೊಂದಿಗೂ ಆಡಿರದ ಇಂಗ್ಲಿಷನ್ನು ಅಂದು ಆಡಿದಳು.

"ನೋ. ನೋ ಅಂಕಲ್. ನೋ ಸೀಟ್."

ಡ್ರೈವರ್ ಹೆಗಲು ಕುಣಿಸಿ ವೇಗ ಹೆಚ್ಚಿಸಿದ. ಅವ್ವ ಮೊಮ್ಮಗಳ ಮುಖವನ್ನು ಕಿಟಕಿಯಿಂದ ತನ್ನ ಕಡೆ ತಿರುಗಿಸಿಕೊಂಡು, "ಈ ದೇಶದಾಗ ಎಲ್ಲಾರೂ ಅಂಕಲ್ಲೇ ಅದಾರ, ಕೂಡು" ಅಂದಳು.

ನಮಗಾಗಿ ಕಾದಿದ್ದ ಹಡಗು ನಾವು ಹತ್ತಿದೊಡನೆ ಏಣಿ ಎತ್ತಿತು. ಹಗ್ಗ ಬಿಚ್ಚಿ, ದಡಕ್ಕೂ ಹಡಗಿಗೂ ನಡುವೆ ನೀರು ಅಗಲವಾಗುತ್ತಿದ್ದಾಗ ಟ್ಯಾಕ್ಸಿಯೊಂದು ಬಂದು ನಿಂತಿತು. ಅಧ್ಯಕ್ಷರು ಇಳಿದು ಓಡಿ ಬಂದರು. ಆಮೇಲೆ ಕೊರಳಿನ ವಿಷಲ್ ಬಾಯಿಗಿಟ್ಟು ಹಡಗಿಗೆ ಊದಿದರು! ಅಷ್ಟು ದೊಡ್ಡ ಹಡಗಿಗೆ! ಅದೇ ಕ್ಷಣಕ್ಕೆ ಹಡಗೂ ಹೊರಡುವ ಸದ್ದು ಮಾಡಿತು. ಆಂಟಿ ಫೋನು ಹಿಡಿದು, "ಹೋಗಿ ಮನೇಲಿ ಮಲ್ಕೊಳ್ಳಿ, ಇನ್ನೇನ್ಮಾಡ್ತೀರ" ಎಂದು ತಣ್ಣಗೆ ಹೇಳುತ್ತಿದ್ದರು. ಅವ್ವ ಕಂಬಿಗೆ ಒರಗಿ, ಸೆರಗು ಹೊದ್ದು, ದಡದಲ್ಲಿ ಕುಣಿಯುವ ಆ ಸಣ್ಣ ಮನುಷ್ಯನನ್ನು ಬಹಳ ಹೊತ್ತು ನೋಡಿದಳು.

"ಅಲ್ಲೇ ಐತಿ," ಅಂದಳು, "ಕೈಗೆ ಹತ್ತವಲ್ದು."

ಅಷ್ಟಕ್ಕೇ ಮುಗಿದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತೋ ಏನೋ. ಆದರೆ ಹಡಗಿನ ಮುಂದಿನ ನಿಲ್ದಾಣ ನಮ್ಮ ಊರಿನ ಲಿಟಲ್‌ಟನ್ ಬಂದರೇ. ಅಧ್ಯಕ್ಷರು ಹೇಗೋ ಬಸ್ಸು ಹಿಡಿದು ಕ್ರೈಸ್ಟ್‌ಚರ್ಚಿಗೆ ಹೋಗಿ, ತಮ್ಮ ಮನೆಯಲ್ಲೇ ಮಲಗಿ, ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹಡಗು ಹತ್ತಿದರು. "ಗಿಡಗಳಿಗೂ ನೀರು ಹಾಕ್ದಂಗಾಯ್ತು" ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಂದಿನಿಂದ ಅದು ಅವರ ವೀರಗಾಥೆಯಾಯಿತು. ಯುಗಾದಿಗೆ ಒಮ್ಮೆ, ರಾಜ್ಯೋತ್ಸವಕ್ಕೆ ಒಮ್ಮೆ, ಹೊಸಬರು ಬಂದಾಗಲೆಲ್ಲ ಒಮ್ಮೆ ಅದನ್ನು ಕೇಳಬೇಕು. ಕಥೆಯ ನಡುವೆ ಒಂದು ಜಾಗ ಬರುತ್ತದೆ. "ಒಂದು ಟೂರ್ ಬಸ್ಸು ಕಣ್ಣೆದುರಿಗೇ ಬಂತು, ಸ್ಲೋ ಕೂಡ ಆಯ್ತು. ನಿಲ್ಲಿಸ್ಲಿಲ್ಲ. ಸೀಟಿರ್ಲಿಲ್ಲ ಅನ್ಸುತ್ತೆ, ಪಾಪ." ಆಗ ಎಲ್ಲರೂ ಅಯ್ಯೋ ಅನ್ನುತ್ತಾರೆ. ನಾನು ಚಪಾತಿ ಬಡಿಸುತ್ತಿರುತ್ತೇನೆ.

ಅವ್ವ ಆ ವಾರವೇ ಊರಿಗೆ ಮರಳಿದಳು. ತಂಬಿಗೆ ಬಿಟ್ಟು ಹೋದಳು, ಮುಂದಿನ ಸಲ ಬಂದಾಗ ಬೇಕಾಗುತ್ತದೆ ಎಂದು. ಮುಂದಿನ ಸಲ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಫೋನಿನಲ್ಲಿ ಅವಳು ಕೇಳಿದ್ದು ಒಂದೇ, "ಗಂಗವ್ವ ಸಿಟ್ಟಾಗಿಲ್ಲಲ್ಲ? ಕೂಸು ಆರಾಮ ಐತಿಲ್ಲ?" ಆಮೇಲೆ ನಾನು ಮಗಳನ್ನು ಕರೆದುಕೊಂಡು ಹೋಗಿ, ಬೋಟಿನ ಟೂರಿನಲ್ಲಿ ಆ ನೀರಿನ ಬುಡಕ್ಕೇ ಹೋಗಿ, ತಂಬಿಗೆ ತುಂಬಿ ಮಗಳ ನೆತ್ತಿಗೆ ಹಚ್ಚಿ ಬಂದೆ. ಆದರೆ ಹರಕೆ ಹೊತ್ತವಳು ಅವ್ವ. ಆ ನೀರು ಮುಟ್ಟಬೇಕಾದ ಕೈ ಅವಳದು.

ಅವ್ವ ಹೋದ ಸುದ್ದಿ ತಿಳಿದು ಅಧ್ಯಕ್ಷರು ಹಣ್ಣು ಹಿಡಿದುಕೊಂಡು ಮಾತನಾಡಿಸಲು ಬಂದಿದ್ದರು. ಸೋಫಾದಲ್ಲಿ ಕೂತು ನಿಟ್ಟುಸಿರು ಬಿಟ್ಟು, "ಏನೇ ಆಗ್ಲಿ, ಅಮ್ಮನವರಿಗೆ ಫ್ಯೋರ್ಡ್ ತೋರಿಸಿದ್ದು ನಾವೇ ಅಲ್ವಾ? ಅದೊಂದು ಪುಣ್ಯ ನಮಗೆ ಬಂತು" ಅಂದರು. ಆಮೇಲೆ ಲೋಟ ಇಡಲೆಂದು ಅಡುಗೆಮನೆಗೆ ಹೋಗಿ ನನ್ನ ಡಿಶ್‌ವಾಷರ್ ಬಾಗಿಲು ತೆಗೆದರು. ತಟ್ಟೆಗಳ ಸದ್ದು ಕೇಳುತ್ತ ನಾನು ಕೂತಲ್ಲೇ ಕೂತಿದ್ದೆ. ಇವರನ್ನು ಕ್ಷಮಿಸುವುದಿಲ್ಲ ಎಂದು ತೀರ್ಮಾನ ಮಾಡಿದ್ದು ಆಗ.

ಇನ್ನು ಕೆಲವು ದಿನಗಳಲ್ಲಿ ಬೀಳ್ಕೊಡುಗೆ. ಹಾರ, ಶಾಲು, ಫಲತಾಂಬೂಲ. ಐದಕ್ಕೆ ಎಂದು ಹೇಳಿದ್ದಾರೆ, ಆರೂವರೆಗೆ ಎಲ್ಲರೂ ಬರುತ್ತಾರೆ. ನಾನು ಮಾತ್ರ ಐದಕ್ಕೇ ಹೋಗಿ ಪ್ರತಿ ಕುರ್ಚಿಯ ಮೇಲೂ ಈ ಸಂಚಿಕೆ ಇಟ್ಟು ಬರುತ್ತೇನೆ. ರೊಟ್ಟಿಯನ್ನೂ ಒಯ್ಯುತ್ತೇನೆ, ಖಡಕ್ ರೊಟ್ಟಿ. ಅಧ್ಯಕ್ಷರು ಎದ್ದು ನಿಂತು ಹಡಗಿನ ಕಥೆ ಹೇಳದೆ ಇರಲಾರರು. ಆ ಬಸ್ಸಿನ ಜಾಗ ಬಂದಾಗ ಸಭೆ ತಲೆಯೆತ್ತಿ ನೋಡುವುದು ಅವರನ್ನಲ್ಲ, ನನ್ನನ್ನು.

ಸೀಟಿತ್ತು, ಅಂಕಲ್. ನಮ್ಮ ಹಿಂದೆಯೇ ಎರಡು ಖಾಲಿ ಇದ್ದವು. ಒಂದರ ಮೇಲೆ ಅವ್ವ ತನ್ನ ಒಣ ತಂಬಿಗೆ ಇಟ್ಟಿದ್ದಳು.